18650 ಸೆಲ್ಲಿನ ಸರ್ಕ್ಯೂಟ್ ಮಾದರಿ: ಎರಡನೇ ಆರ್‌ಸಿ ಜೋಡಿ ಕೂತಿತು

ಸೆಲ್: ಸ್ಯಾಮ್‌ಸಂಗ್ 25ಆರ್ ಲಿಥಿಯಂ-ಅಯಾನ್ ಬ್ಯಾಟರಿ ಸೆಲ್ (18650 ಅದರ ಗಾತ್ರದ ಹೆಸರು), 2500 ಮಿಲಿಆಂಪ್-ಅವರ್. ಕರೆಂಟ್ ಎಳೆದಾಗ ಇದರ ವೋಲ್ಟೇಜ್ ಹೇಗೆ ಬದಲಾಗುತ್ತದೆ ಎಂದು ಲೆಕ್ಕಹಾಕಲು ಈ ಮಾದರಿ. ಮಾದರಿಯಲ್ಲಿರುವುದು ಚಾರ್ಜ್ ಮಟ್ಟಕ್ಕೆ ತಕ್ಕಂತೆ ಬದಲಾಗುವ ವೋಲ್ಟೇಜ್ ಮೂಲ (ಓಸಿವಿ, ಅಂದರೆ ಕರೆಂಟ್ ಹರಿಯದಾಗಿನ ವೋಲ್ಟೇಜ್), ಸರಣಿಯಲ್ಲಿ ರೆಸಿಸ್ಟರ್ ಆರ್0, ಅದರ ಜತೆ ಎರಡು ಆರ್‌ಸಿ ಜೋಡಿ (ಪ್ರತಿಯೊಂದರಲ್ಲೂ ಸಮಾನಾಂತರವಾಗಿ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್). ಮೊದಲನೆಯದು ವೇಗದ್ದು, ಎರಡನೆಯದು ನಿಧಾನದ್ದು; ಅವುಗಳ ರೆಸಿಸ್ಟರ್ ಆರ್1 ಮತ್ತು ಆರ್2, ಸ್ಪಂದಿಸಲು ಹಿಡಿಯುವ ಕಾಲದ ಅಳತೆ ಟೌ1 ಮತ್ತು ಟೌ2. ಓಸಿವಿ ಪಟ್ಟಿ ಮತ್ತು ಆರ್0 ಮುಗಿದಿದ್ದವು. ಈಗ ಎರಡನೇ ಜೋಡಿಯೂ ನಿಂತಿದೆ.

ಮಾದರಿ ಕೆಟ್ಟರೆ ಗಣಿತಕ್ಕಿಂತ ಮೊದಲು ಅಳತೆಯನ್ನು ಅನುಮಾನಿಸಬೇಕು. ಸ್ಪ್ರಿಂಗ್ ಹೋಲ್ಡರ್ ಬೇಡವೇ ಬೇಡ. ಸೆಲ್ಲಿನ ಒಳರೋಧವೇ ಸುಮಾರು 20 ಮಿಲಿಓಮ್. ಸ್ಪ್ರಿಂಗಿನ ಸಂಪರ್ಕರೋಧ ಅದನ್ನೂ ಮೀರಬಲ್ಲದು, ಮುಟ್ಟಿದಾಗಲೆಲ್ಲ ಬದಲಾಗುತ್ತದೆ. ನಿಕ್ಕಲ್ ಪಟ್ಟಿ ಸ್ಪಾಟ್ ವೆಲ್ಡ್ ಮಾಡಿ, ಕರೆಂಟಿಗೆ ಒಂದು ಜೋಡಿ ತಂತಿ, ವೋಲ್ಟೇಜ್ ಅಳೆಯಲು ಬೇರೆಯೇ ಜೋಡಿ ಎಳೆಯಿರಿ. ವೋಲ್ಟೇಜ್ ಓದಲು ಎಡಿಎಸ್1115 ಚಿಪ್ ಇದೆ. ಸೆಲ್ 4.2 ವೋಲ್ಟ್‌ವರೆಗೆ ಏರುವುದರಿಂದ ±4.096 ರೇಂಜ್ ಸಾಲದು, ±6.144 ಇಟ್ಟು ಚಿಪ್ಪಿಗೆ 5 ವೋಲ್ಟ್ ಕೊಡಬೇಕು. ಆಗ ಅದು ಓದುವ ಒಂದು ಹೆಜ್ಜೆ 0.1875 ಮಿಲಿವೋಲ್ಟ್.

ಕರೆಂಟಿಗೆ 10 ಮಿಲಿಓಮ್ ಷಂಟ್ (ಕರೆಂಟ್ ಅಳೆಯಲು ಇಡುವ ಚಿಕ್ಕ ರೆಸಿಸ್ಟರ್) ಮತ್ತು ಅದರ ಮೇಲಿನ ವೋಲ್ಟೇಜ್ ಓದುವ ಐಎನ್‌ಎ226 ಚಿಪ್. ಇದರ ಆಫ್‌ಸೆಟ್ (ಕರೆಂಟ್ ಇಲ್ಲದಾಗಲೂ ತೋರುವ ತಪ್ಪು ಓದು) 10 ಮೈಕ್ರೋವೋಲ್ಟ್‌ವರೆಗೆ ಇರಬಹುದು, ಅಂದರೆ 1 ಮಿಲಿಆಂಪ್ ತಪ್ಪು. ಓಸಿವಿಗಾಗಿ 125 ಮಿಲಿಆಂಪ್‌ನಲ್ಲಿ 20 ಗಂಟೆ ಡಿಸ್ಚಾರ್ಜ್ ಮಾಡುವಾಗ ಅದೇ 20 ಮಿಲಿಆಂಪ್-ಅವರ್ ಆಗಿ, ಸಾಮರ್ಥ್ಯದಲ್ಲಿ ಶೇ. 0.8ರಷ್ಟು ತಪ್ಪು ತರುತ್ತದೆ. ಪ್ರತಿ ಸಲ ಲೋಡ್ ಬಿಚ್ಚಿ ಸೊನ್ನೆಯ ಓದು ತೆಗೆದು, ಅದನ್ನು ಕಳೆದೇ ಮುಂದೆ ಹೋಗಬೇಕು.

ಪಲ್ಸ್ ಕ್ರಮ ಹೀಗಿದೆ: 25 ಡಿಗ್ರಿಯಲ್ಲಿ 2.5 ಆಂಪ್, 10 ಸೆಕೆಂಡ್, 40 ಸೆಕೆಂಡ್ ಬಿಡುವು, ಮತ್ತೆ 2.5 ಆಂಪ್, 350 ಸೆಕೆಂಡ್. ಆಮೇಲೆ ಒಂದು ಗಂಟೆ ವಿಶ್ರಾಂತಿ. ಒಂದು ಸುತ್ತಿಗೆ ಚಾರ್ಜ್ ಮಟ್ಟ ಶೇ. 10 ಇಳಿಯುತ್ತದೆ. ಕರೆಂಟ್ ಹತ್ತಿದ 10 ಮಿಲಿಸೆಕೆಂಡಿನೊಳಗೆ ಓದಿದರೆ ವೋಲ್ಟೇಜ್ ಸುಮಾರು 50 ಮಿಲಿವೋಲ್ಟ್ ಒಮ್ಮೆಲೇ ಕುಸಿದಿರುತ್ತದೆ; ಅದನ್ನು ಕರೆಂಟಿನಿಂದ ಭಾಗಿಸಿದರೆ ಸಿಗುವುದೇ ಆರ್0. ಸೆಕೆಂಡಿಗೊಂದು ಓದುವ ಲಾಗರ್ ಇದ್ದರೆ ಮೊದಲ ಜೋಡಿಯ ಪಾಲೂ ಆರ್0ಗೆ ಸೇರಿಹೋಗುತ್ತದೆ, ಆರ್1 ಕಡಿಮೆ ತೋರುತ್ತದೆ.

ಎರಡನೇ ಜೋಡಿಯನ್ನು 10 ಸೆಕೆಂಡಿನ ಪಲ್ಸ್‌ನಿಂದ ತೆಗೆಯಲು ಹೋಗಬೇಡಿ. ಆ ಪಲ್ಸ್ ಸೆಲ್ಲಿನಿಂದ ಶೇ. 0.28ರಷ್ಟು ಚಾರ್ಜ್ ಎಳೆಯುತ್ತದೆ. ಮಧ್ಯದ ಮಟ್ಟದಲ್ಲಿ ಶೇ. 1ಕ್ಕೆ 8 ಮಿಲಿವೋಲ್ಟ್ ಲೆಕ್ಕ ಹಿಡಿದರೂ ಓಸಿವಿಯೇ 2 ಮಿಲಿವೋಲ್ಟ್‌ಗಿಂತ ಹೆಚ್ಚು ಇಳಿದಿರುತ್ತದೆ. ನಿಧಾನದ ಜೋಡಿ ಅಷ್ಟರಲ್ಲಿ ತೋರಿಸುವುದೂ ಕೆಲವೇ ಮಿಲಿವೋಲ್ಟ್. ಎರಡನ್ನೂ ಬೇರ್ಪಡಿಸದೆ ಫಿಟ್ ಮಾಡಿದರೆ (ಮಾದರಿಯ ಬೆಲೆಗಳನ್ನು ಅಳತೆಗೆ ಹೊಂದಿಸಿದರೆ) ಆರ್2 ಸುಳ್ಳೇ ಉಬ್ಬುತ್ತದೆ. ಒಂದು ಗಂಟೆಯ ವಿಶ್ರಾಂತಿಯಲ್ಲಿ ಕರೆಂಟ್ ಸೊನ್ನೆ, ಓಸಿವಿ ಅಲುಗುವುದಿಲ್ಲ. ಟೌ2 ಅಲ್ಲಿಯೇ ಸಿಗಬೇಕು. ವಿಶ್ರಾಂತಿಯನ್ನು 10 ನಿಮಿಷಕ್ಕೆ ಮೊಟಕು ಮಾಡಿದರೆ ವೋಲ್ಟೇಜ್ ಇನ್ನೂ ಏರುತ್ತಲೇ ಇರುತ್ತದೆ, ಫಿಟ್‌ನಲ್ಲಿ ಟೌ2 ಹೋಗಿ ಮೇಲಿನ ಮಿತಿಗೆ ಅಂಟಿಕೊಳ್ಳುತ್ತದೆ.

ಇಲ್ಲಿ ಇನ್ನೊಂದು ಎಚ್ಚರ. 350 ಸೆಕೆಂಡಿನಲ್ಲಿ ನಿಧಾನದ ಕೆಪಾಸಿಟರ್ ಪೂರ್ತಿ ತುಂಬಿರುವುದಿಲ್ಲ. ಆದ್ದರಿಂದ ವಿಶ್ರಾಂತಿಯ ಆರಂಭದಲ್ಲಿ ಅದರ ಮೇಲಿರುವುದು ಕರೆಂಟ್ ಗುಣಿಸು ಆರ್2 ಅಲ್ಲ. ಟೌ2 350 ಸೆಕೆಂಡೇ ಆಗಿದ್ದರೆ ಅದರ ಶೇ. 63 ಮಾತ್ರ. ಈ ತಿದ್ದುಪಡಿ ಬಿಟ್ಟರೆ ಆರ್2 ಮೂರನೇ ಒಂದು ಪಾಲಿಗಿಂತ ಹೆಚ್ಚು ಕಡಿಮೆ ಬರುತ್ತದೆ. ಫಿಟ್ ಪೈಥಾನ್‌ನ ಸೈಪೈ ಲೈಬ್ರರಿಯ ಲೀಸ್ಟ್ ಸ್ಕ್ವೇರ್ಸ್‌ನಲ್ಲಿ. ಟೌ1ಕ್ಕೆ 1ರಿಂದ 20, ಟೌ2ಕ್ಕೆ 60ರಿಂದ 2000 ಸೆಕೆಂಡ್ ಮಿತಿ. ಮಿತಿ ಕೊಡದಿದ್ದರೆ ಎರಡು ಜೋಡಿಗಳು ಒಂದರ ಜಾಗಕ್ಕೆ ಇನ್ನೊಂದು ಬಂದು ಪಟ್ಟಿ ಕಲಸಿಹೋಗುತ್ತದೆ.

ಸಿಮ್ಯುಲೇಷನ್‌ನಲ್ಲಿ ಪ್ರತಿ ಹೆಜ್ಜೆಗೂ ಎಕ್ಸ್‌ಪೊನೆನ್ಷಿಯಲ್ ಗುಣಕವನ್ನೇ (ಜೋಡಿಯ ವೋಲ್ಟೇಜಿನಲ್ಲಿ ಮುಂದಿನ ಹೆಜ್ಜೆಗೆ ಉಳಿಯುವ ಪಾಲು) ಬಳಸಿ. ಹೆಜ್ಜೆ 1 ಸೆಕೆಂಡ್, ಟೌ1 3 ಸೆಕೆಂಡ್ ಇದ್ದಾಗ ಸರಿಯಾದ ಗುಣಕ 0.717, ಸರಳ ಅಂದಾಜಿನ ಆಯ್ಲರ್ ವಿಧಾನ 0.667 ಕೊಡುತ್ತದೆ.

ಶೇ. 20ರ ಕೆಳಗೆ ಮಾದರಿ ಇನ್ನೂ ಸಡಿಲವಾಗಿದೆ. ಅಲ್ಲಿ ಓಸಿವಿ ಕಡಿದಾಗಿ ಬೀಳುತ್ತದೆ, ಶೇ. 10ರ ಅಂತರ ತೀರಾ ದೊಡ್ಡದು. ಆ ಭಾಗವನ್ನು ಶೇ. 2ರ ಅಂತರದಲ್ಲಿ ಮತ್ತೆ ಅಳೆಯಬೇಕು, ಆಮೇಲೆ 10 ಮತ್ತು 0 ಡಿಗ್ರಿಯ ಪಟ್ಟಿಗಳು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ಲಿಗೆ ಇದೇ ಕ್ರಮ ಹಿಡಿಯುವವರು ಚಾರ್ಜ್ ಮತ್ತು ಡಿಸ್ಚಾರ್ಜ್ ಓಸಿವಿಗಳನ್ನು ಸರಾಸರಿ ಮಾಡಬಾರದು. ಅದರ ಹಿಸ್ಟರೆಸಿಸ್ (ಒಂದೇ ಮಟ್ಟಕ್ಕೆ ಚಾರ್ಜ್‌ನಿಂದ ಬಂದಾಗ ಮತ್ತು ಡಿಸ್ಚಾರ್ಜ್‌ನಿಂದ ಬಂದಾಗ ಓಸಿವಿ ಬೇರೆಯಾಗುವುದು) ದೊಡ್ಡದು, ಮಾದರಿಯಲ್ಲಿ ಅದಕ್ಕೆ ಬೇರೆ ಪದ ಬೇಕು.