ಹಿರೋಡೆ, ಫ್ರೆಂಚ್ ರಾಕ್ಸ್, ಪಾಂಡವಪುರ: ಹೆಸರು ಹುಡುಕಿ ಹೋಗುವವರಿಗೆ

ಮಂಡ್ಯ ಜಿಲ್ಲೆಯ ಪಾಂಡವಪುರಕ್ಕೆ ಹೋದರೆ ಪೇಟೆಯಲ್ಲಿ ಹೊತ್ತು ಕಳೆಯಬೇಡಿ. ನೇರ ಕುಂತಿಬೆಟ್ಟ ಹತ್ತಿ. ಊರಿನ ಹೆಸರಿನ ಕಥೆ ಇರುವುದೇ ಆ ಬಂಡೆಗಳಲ್ಲಿ.

ಈ ಊರಿನ ಹಳೇ ಹೆಸರು ಹಿರೋಡೆ. ಹೈದರಾಲಿ ಮತ್ತು ಟಿಪ್ಪುವಿನ ಸೇನೆಯಲ್ಲಿ ಫ್ರೆಂಚ್ ಸಿಪಾಯಿಗಳಿದ್ದರು, ಅಲ್ವಾ? ಅವರ ಬೀಡು ಇದ್ದದ್ದು ಇಲ್ಲೇ. ಅದಕ್ಕೇ ಬ್ರಿಟಿಷರು ಈ ಜಾಗವನ್ನು ‘ಫ್ರೆಂಚ್ ರಾಕ್ಸ್’ ಎಂದು ಕರೆದರು. 1799ರಲ್ಲಿ ಟಿಪ್ಪು ಮಡಿದ, ಫ್ರೆಂಚರೂ ಹೋದರು. ಆಮೇಲೆ ಬ್ರಿಟಿಷರು ಇಲ್ಲಿ ತಮ್ಮದೇ ಪಡೆ ಇಟ್ಟರು, ಆದರೂ ಹೆಸರು ಬದಲಿಸಲಿಲ್ಲ. ತಾವು ಸೋಲಿಸಿದವರ ಹೆಸರನ್ನೇ ನಕ್ಷೆಯಲ್ಲಿ ಉಳಿಸಿಕೊಂಡರು. ರೈಲು ಬಂದಾಗ ಸ್ಟೇಷನ್ನಿಗೂ ಅದೇ ಹೆಸರು ಬಿತ್ತು. ನನಗೆ ಈ ಊರಿನ ಕಥೆಯಲ್ಲಿ ತುಂಬಾ ಹಿಡಿಸಿದ್ದು ಇದೇ.

ಊರಿನವರ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ. ವನವಾಸದಲ್ಲಿ ಪಾಂಡವರು ತಾಯಿ ಕುಂತಿಯ ಜೊತೆ ಈ ಬೆಟ್ಟದಲ್ಲಿ ಇದ್ದರಂತೆ. ಈಗಿನ ಹೆಸರು ಬಂದದ್ದು ಈ ನಂಬಿಕೆಯಿಂದ. ಮೇಲೆ ನಿಂತು ಸುತ್ತಲಿನ ಕಬ್ಬು, ಭತ್ತ, ತೆಂಗು ನೋಡಿ. ಶ್ರೀರಂಗಪಟ್ಟಣಕ್ಕೆ ಇಷ್ಟು ಹತ್ತಿರದ ಈ ಎತ್ತರದ ಜಾಗ ಸೇನೆಗೆ ಯಾಕೆ ಬೇಕಾಯಿತು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಹತ್ತುವುದಾದರೆ ಬೆಳಿಗ್ಗೆ ಬೇಗ ಹೊರಡಿ. ಬಿಸಿಲೇರಿದ ಮೇಲೆ ಬಂಡೆ ಕಾದು ಸುಡುತ್ತದೆ, ನೆರಳೂ ಕಡಿಮೆ. ನೀರು ಜಾಸ್ತಿ ಇಟ್ಟುಕೊಳ್ಳಿ, ಹಿಡಿತ ಇರುವ ಶೂ ಹಾಕಿ. ಮಳೆ ಬಂದಿದ್ದರೆ ಸುಮ್ನೆ ಕೆಳಗಿನ ಕೊಳ, ದೇವಸ್ಥಾನ ನೋಡಿಕೊಂಡು ಬನ್ನಿ. ಜಾರುವ ಬಂಡೆಯ ಮೇಲೆ ಧೈರ್ಯ ತೋರಿಸುವುದು ಬೇಡ.

ಮೈಸೂರಿನಿಂದ ಸುಮಾರು 25 ಕಿ.ಮೀ. ಮೈಸೂರು, ಮಂಡ್ಯ ಎರಡೂ ಕಡೆಯಿಂದ ಬಸ್ ಇದೆ. ರೈಲಿನಲ್ಲಿ ಬರುವವರು ಒಂದು ವಿಷಯ ನೆನಪಿಡಿ: ಪಾಂಡವಪುರ ಸ್ಟೇಷನ್ ಊರೊಳಗಿಲ್ಲ. ಇಳಿದ ಮೇಲೆ ಆಟೋ ಹಿಡಿಯಲೇಬೇಕು.

ಬೆಟ್ಟ ಇಳಿದ ಮೇಲೆ ತೊಣ್ಣೂರು ಕೆರೆಗೆ ಹೋಗಿ. ಅದಕ್ಕೂ ಮೋತಿ ತಲಾಬ್ ಎಂಬ ಇನ್ನೊಂದು ಹೆಸರಿದೆ. ಪಕ್ಕದ ನಂಬಿನಾರಾಯಣ ದೇವಸ್ಥಾನ ತಪ್ಪಿಸಬೇಡಿ. ಕೆರೆ ಆಳ ಇದೆ, ಮಕ್ಕಳನ್ನು ನೀರಿಗೆ ಇಳಿಸಬೇಡಿ. ಸ್ವಂತ ವಾಹನ ಇದ್ದರೆ ಸಂಜೆಗೆ ಮೇಲುಕೋಟೆ ಮುಟ್ಟಬಹುದು. ಪುಳಿಯೋಗರೆ ಅಲ್ಲೇ ತಿನ್ನಿ.