ಮನಾಮದಲ್ಲಿ ತೆನೆ ಹಬ್ಬ

2023ರಲ್ಲಿ ಸೆಪ್ಟೆಂಬರ್ 8 ಶುಕ್ರವಾರ ಬಂತು. ಬಹರೈನ್‌ನಲ್ಲಿ ಶುಕ್ರವಾರ ವಾರದ ರಜೆ. ಮೊಂತಿ ಹಬ್ಬ ರಜೆಯ ದಿನವೇ ಬರುವುದು ಇಲ್ಲಿರುವ ನಮಗೆ ದೊಡ್ಡ ಸಂಗತಿ. ಗುರುವಾರ ರಾತ್ರಿಯೇ ತರಕಾರಿ ಹೆಚ್ಚಿ ಇಟ್ಟೆ. ಬಾಳೆ ಎಲೆ ತಂದು ಒರೆಸಿ ಇಟ್ಟೆ. ಮಲಗುವಾಗ ಹನ್ನೆರಡೂವರೆ. ಮೂರು ಗಂಟೆಗೆ ಮಗಳು ಎಬ್ಬಿಸಿದಳು, "ಮಮ್ಮಿ, ಸೆಖೆ." ಎಸಿ ನಿಂತುಹೋಗಿತ್ತು.

ಸೆಪ್ಟೆಂಬರ್‌ನಲ್ಲಿ ಇಲ್ಲಿ ಎಸಿ ಇಲ್ಲದೆ ರಾತ್ರಿ ಕಳೆಯುವುದು ಸುಲಭ ಅಲ್ಲ. ಸಮುದ್ರದ ತೇವ ಗಾಳಿಯಲ್ಲಿ ಅಂಟಿಕೊಂಡಿರುತ್ತದೆ. ಬಟ್ಟೆ ಒದ್ದೆ, ದಿಂಬು ಒದ್ದೆ. ಕಿಟಕಿ ತೆರೆದರೆ ಇನ್ನೂ ಜಾಸ್ತಿ. ಮಗಳಿಗೆ ಬೀಸಣಿಗೆಯಿಂದ ಗಾಳಿ ಹಾಕುತ್ತಾ ಹಾಕುತ್ತಾ ಬೆಳಗಾಯಿತು. ರಿಪೇರಿಗೆ ಫೋನ್ ಮಾಡಿ, "ಶುಕ್ರವಾರ ಅಂತ ಗೊತ್ತು, ಯಾರನ್ನಾದರೂ ಕಳಿಸಿ" ಅಂತ ಕೇಳಿಕೊಂಡೆವು. ಆಮೇಲೆ ಇಗರ್ಜಿಗೆ, ಅಂದರೆ ಚರ್ಚಿಗೆ, ಹೊರಟೆವು.

ಗೊತ್ತಿಲ್ಲದವರಿಗೆ ಈ ಹಬ್ಬದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮನ ಹುಟ್ಟಿದ ಹಬ್ಬ, ಇಡೀ ಜಗತ್ತಿನ ಕಥೋಲಿಕರಿಗೆ. ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಅದೇ ದಿನ ಹೊಸ ಭತ್ತದ ಹಬ್ಬವೂ ಹೌದು. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಗೋವಾದಿಂದ ಬಂದ ಫಾದರ್ ಜೋಕಿಂ ಮಿರಾಂದಾ 1763ರಲ್ಲಿ ಇದನ್ನು ಶುರು ಮಾಡಿದರು ಅಂತ ನಮ್ಮ ಹಿರಿಯರು ಹೇಳುತ್ತಾರೆ. ಮೊಂತೆ ಅಂದರೆ ಗುಡ್ಡ. ಮೊಂತಿ ಅನ್ನುವ ಹೆಸರು ಬಂದದ್ದು ಅಲ್ಲಿಂದ. ಹೊಸ ಅಕ್ಕಿ ಉಣ್ಣುವ ಸಂಭ್ರಮ ನಮ್ಮೊಬ್ಬರದ್ದೇ ಅಲ್ಲ. ತುಳುವರಿಗೆ ಪುದ್ವಾರ್ ಇದೆ, ಕೊಡವರಿಗೆ ಪುತ್ತರಿ ಇದೆ. ಒಂದೇ ಮಳೆ, ಒಂದೇ ಗದ್ದೆ, ಅಲ್ವಾ?

ಶಿರ್ವದಲ್ಲಿ ನಾವು ಚಿಕ್ಕವರಿದ್ದಾಗ ಆಗಸ್ಟ್ 30ರಿಂದಲೇ ಹಬ್ಬ. ಒಂಬತ್ತು ದಿನ ಬುಟ್ಟಿ ಹಿಡಿದು ಹೂ ಕೊಯ್ಯಲು ಓಡುತ್ತಿದ್ದೆವು. ದಾಸವಾಳ, ಗೋರಟೆ, ಗೌರಿ ಹೂ, ಬೇಲಿಯಲ್ಲಿ ಏನು ಸಿಕ್ಕಿದರೆ ಅದು. ಶಿಶು ಮರಿಯಮ್ಮನ ಪ್ರತಿಮೆಯ ಮುಂದೆ ಹಾಡುತ್ತಾ ಹೂ ಎರಚುವುದು. ಎಂಟನೇ ತಾರೀಕು ತೆನೆಗೆ ಆಶೀರ್ವಾದ ಆಗಿ, ಪ್ರತಿ ಮನೆಗೂ ಹಂಚುತ್ತಾರೆ. ಮಕ್ಕಳ ಕೈಗೆ ಕಬ್ಬು. ಮನೆಗೆ ಬಂದು ಪೀಠದ ಮುಂದೆ ಮೇಣದಬತ್ತಿ ಹಚ್ಚಿ ಪ್ರಾರ್ಥನೆ. ತೆನೆಯ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಹಾಕುತ್ತಾರೆ. ಅದು ನೊವೆಂ. ಮನೆಯ ಹಿರಿಯರು ಒಬ್ಬೊಬ್ಬರಿಗೂ ಕೊಡುತ್ತಾರೆ. ಆಮೇಲೆ ಬಾಳೆ ಎಲೆ ಊಟ. ಅವತ್ತು ಮೀನು ಇಲ್ಲ, ಮಾಂಸ ಇಲ್ಲ. ತರಕಾರಿ ಪದಾರ್ಥ ಮಾತ್ರ, ಅದೂ ಬೆಸ ಸಂಖ್ಯೆಯಲ್ಲಿ. ಐದು, ಏಳು, ಒಂಬತ್ತು.

ಊರಲ್ಲಿ ಇಲ್ಲದವರ ಪಾಲನ್ನು ಯಾರೂ ಮರೆಯುವುದಿಲ್ಲ. ಮುಂಬೈಯಲ್ಲಿರುವ ಮಗನಿಗೆ, ಕುವೈತ್‌ನಲ್ಲಿರುವ ಅಳಿಯನಿಗೆ ಚಿಟಿಕೆ ನೊವೆಂ ಪುಡಿ ಕಾಗದದಲ್ಲಿ ಕಟ್ಟಿ, ಲಕೋಟೆಯಲ್ಲಿ ಹಾಕಿ ಕಳಿಸುತ್ತಾರೆ. ಚಿಕ್ಕವಳಿದ್ದಾಗ ಅಮ್ಮ ಹಾಗೆ ಕಟ್ಟುವುದನ್ನು ನೋಡುತ್ತಿದ್ದೆ. ಒಂದು ದಿನ ಅದು ನನ್ನ ಹೆಸರಿಗೆ ಬರುತ್ತದೆ ಅಂತ ಯೋಚಿಸಿರಲಿಲ್ಲ.

ಬಂದದ್ದು 2016ರಲ್ಲಿ. ನಾನು ಆಗ ಒಬ್ಬಳೇ ಇಲ್ಲಿದ್ದೆ. ರಾಜಧಾನಿ ಮನಾಮದ ಗುದೈಬಿಯಾದಲ್ಲಿ ಒಂದು ಕೋಣೆ, ನಾಲ್ಕು ಹಾಸಿಗೆ, ನಾಲ್ವರು ಹೆಂಗಸರು. ಒಬ್ಬರು ಫಿಲಿಪ್ಪೀನ್ಸ್‌ನವರು, ಒಬ್ಬರು ಶ್ರೀಲಂಕಾದವರು, ಒಬ್ಬರು ಕೇರಳದವರು. ನಾನು ಕೆಲಸ ಮಾಡುತ್ತಿದ್ದ ಕಡೆ ಮೂರು ತಿಂಗಳಿಂದ ಸಂಬಳ ಕೊಟ್ಟಿರಲಿಲ್ಲ. ಊರಿಗೆ ಈ ಮಾತು ಹೇಳಿರಲಿಲ್ಲ. ಆ ವರ್ಷ ಹಬ್ಬ ಗುರುವಾರ. ಕೆಲಸ ಮುಗಿಸಿ ಬಂದು ಗೋಡೆ ಕಡೆ ತಿರುಗಿ ಮಲಗಿದ್ದೆ. ಫಿಲಿಪ್ಪೀನ್ಸ್‌ನ ಅಕ್ಕ ಮೆಲ್ಲಗೆ ಭುಜ ಮುಟ್ಟಿದರು. ಅವರ ಕೈಯಲ್ಲಿ ಒಂದು ತಟ್ಟೆ ಅನ್ನ, ಬೇಯಿಸಿದ ಮೊಟ್ಟೆ. "ಇವತ್ತು ಮಾತೆಯ ಹುಟ್ಟುಹಬ್ಬ, ಹಸಿದು ಮಲಗಬಾರದು" ಅಂದರು. ಅವರಿಗೂ ಆ ದಿನ ಗೊತ್ತಿತ್ತು! ಊಟ ಮಾಡಿ ಇಬ್ಬರೂ ಜಪಸರ ಹಿಡಿದು ಕೂತೆವು. ಅವರು ಅವರ ಭಾಷೆಯಲ್ಲಿ, ನಾನು ಕೊಂಕಣಿಯಲ್ಲಿ. ಮಣಿ ಮಾತ್ರ ಒಟ್ಟಿಗೆ ಸರಿಯುತ್ತಿತ್ತು.

ಮೂರು ವಾರ ಆದಮೇಲೆ ಅಮ್ಮನ ಲಕೋಟೆ ಬಂತು. ಒಳಗೆ ಪೇಪರಿನ ಪುಟ್ಟ ಪೊಟ್ಟಣ. ಒಂದು ಲೋಟ ಹಾಲಿಗೆ ಹಾಕಿ ನಾಲ್ವರಿಗೂ ಒಂದೊಂದು ಚಮಚ ಕೊಟ್ಟೆ. ಶ್ರೀಲಂಕಾದ ತಂಗಿ ಬೌದ್ಧಳು. ಎರಡೂ ಕೈ ಚಾಚಿ ತೆಗೆದುಕೊಂಡಳು.

ನಮ್ಮ ಕಡೆ 'ಪರದೇಶಿ' ಅಂದರೆ ದಿಕ್ಕಿಲ್ಲದವನು ಅಂತ ಅರ್ಥ. ಬೈಯಲಿಕ್ಕೂ ಬಳಸುತ್ತಾರೆ. ಬೈಬಲ್‌ನಲ್ಲಿ ಆ ಪದ ಬೇರೆ ರೀತಿ ಬರುತ್ತದೆ. ಕೊಯ್ಲು ಮಾಡುವಾಗ ಹೊಲದ ಅಂಚಿನವರೆಗೂ ಕೊಯ್ಯಬೇಡಿ, ಉದುರಿದ ತೆನೆ ಆರಿಸಿಕೊಳ್ಳಬೇಡಿ, ಅದನ್ನು ಬಡವರಿಗೂ ಪರದೇಶಿಗಳಿಗೂ ಬಿಡಿ ಅಂತ ಯಾಜಕಕಾಂಡ ಹೇಳುತ್ತದೆ. ಊರಲ್ಲಿ ಎಷ್ಟೋ ಸಲ ಕೇಳಿದ್ದೆ. ಗುದೈಬಿಯಾದ ಆ ಕೋಣೆಗೆ ಬರುವವರೆಗೆ ಅದು ನನ್ನ ಬಗ್ಗೆ ಬರೆದದ್ದು ಅಂತ ಅನ್ನಿಸಿರಲಿಲ್ಲ.

ಸರಿ, 2023ಕ್ಕೆ ಬರುತ್ತೇನೆ. ಮನಾಮದ ಸೇಕ್ರೆಡ್ ಹಾರ್ಟ್ ಇಗರ್ಜಿ ಈ ಕೊಲ್ಲಿ ಪ್ರದೇಶದ ಹಳೆಯ ಇಗರ್ಜಿಗಳಲ್ಲಿ ಒಂದು. ಇಲ್ಲಿನ ಅರಸರು ಕೊಟ್ಟ ಜಾಗದಲ್ಲಿ 1939ರಲ್ಲಿ ಶುರುವಾದದ್ದು. 2022ರ ನವೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಇದೇ ಇಗರ್ಜಿಗೆ ಬಂದಿದ್ದರು. ಹಬ್ಬದ ದಿನ ಮಂಗಳೂರಿನಿಂದ ವಿಮಾನದಲ್ಲಿ ತರಿಸಿದ ತೆನೆಯ ಕಟ್ಟು ಪೀಠದ ಮುಂದೆ ಇತ್ತು. ಮಕ್ಕಳ ಬುಟ್ಟಿಯಲ್ಲಿ ಅಂಗಡಿಯ ಸೇವಂತಿಗೆ. ಜೊತೆಗೆ ಬಿಲ್ಡಿಂಗ್ ಗೋಡೆಗಳಿಂದ ಕಿತ್ತ ಕಾಗದದ ಹೂ, ಅಂದರೆ ಬೊಗನ್‌ವಿಲ್ಲಾ. ಮರಳುಗಾಡಲ್ಲಿ ಅದೊಂದು ಹೂ ಧಾರಾಳವಾಗಿ ಬಿಡುತ್ತದೆ. ನನ್ನ ಮಗಳು ಅದನ್ನೇ ಒಂಬತ್ತು ದಿನ ಕೊಯ್ದಳು.

ಆ ದಿನ ಪೂಜೆಯಲ್ಲಿ ಓದಿದ ಬೈಬಲ್ ಭಾಗ ಮತ್ತಾಯನ ಶುಭಸಂದೇಶದ ಮೊದಲನೇ ಅಧ್ಯಾಯ. ಬರೀ ಹೆಸರುಗಳ ಪಟ್ಟಿ. ಅಬ್ರಹಾಮನಿಂದ ಯೇಸುವಿನವರೆಗೆ ಯಾರು ಯಾರಿಗೆ ತಂದೆ ಅಂತ. ನಿದ್ದೆಗೆಟ್ಟಿದ್ದ ನಾನು ಕಷ್ಟಪಟ್ಟು ಕಣ್ಣು ಬಿಟ್ಟು ಕೇಳುತ್ತಿದ್ದೆ. ನಡುವೆ ರೂತಳ ಹೆಸರು ಬಂತು. ಮೋವಾಬಿನಿಂದ ಬಂದ ಪರದೇಶಿ ಹೆಂಗಸು. ಗಂಡ ತೀರಿಕೊಂಡಿದ್ದಾನೆ. ಅತ್ತೆಯ ಜೊತೆ ಬೆತ್ಲೆಹೇಮಿಗೆ ಬಂದು ಬೇರೆಯವರ ಹೊಲದಲ್ಲಿ ಹಕ್ಕಲು ಆರಿಸುತ್ತಾಳೆ. ಹೊಲದ ಯಜಮಾನ ಬೋವಜ ಅವಳನ್ನು ಊಟಕ್ಕೆ ಕರೆದು ಕೂರಿಸಿ, ಹುರಿದ ಕಾಳು ಕೊಡುತ್ತಾನೆ. ಮುಂದೆ ಅವಳೇ ದಾವೀದನ ಮುತ್ತಜ್ಜಿ. ತೆನೆ ಹಬ್ಬದ ದಿನವೇ ತೆನೆ ಆರಿಸಿದವಳ ಹೆಸರು ಓದುತ್ತಾರೆ. ಇಷ್ಟು ವರ್ಷ ನಾನು ಗಮನಿಸಿರಲಿಲ್ಲ.

ಮೂರು ತೆನೆ ನಮ್ಮ ಪಾಲಿಗೆ ಬಂತು. ಮನೆಗೆ ಬಂದು ಪೀಠದ ಮೇಲಿಟ್ಟೆವು. ಮನೆಯೊಳಗೆ ಒಲೆಯ ಮುಂದೆ ನಿಂತ ಹಾಗೆ ಬಿಸಿ. ಅದರಲ್ಲೇ ಅಡುಗೆ ಮುಗಿಸಿದೆ. ಕೆಸುವಿನ ದಂಟಿಗೆ ಅಮಟೆಕಾಯಿ ಸಿಗಲಿಲ್ಲ, ಹುಣಸೆಹುಳಿ ಹಾಕಿದೆ. ಹೀರೆಕಾಯಿ, ಅಲಸಂಡೆ, ಬೆಂಡೆ, ಹಾಗಲ. ಒಟ್ಟು ಐದು. ಹೆಸರುಬೇಳೆ ಪಾಯಸ. ಒಂದೂವರೆಗೆ ಎಲೆ ಹಾಕಿ ಪ್ರಾರ್ಥನೆಗೆ ಕೂರಬೇಕು, ಆಗ ಬಾಗಿಲು ಬಡಿದರು.

ಎಸಿ ರಿಪೇರಿಯವನು. ಮೂವತ್ತರ ಆಸುಪಾಸಿನ ಬಾಂಗ್ಲಾದೇಶದ ಹುಡುಗ. ಶುಕ್ರವಾರದ ನಮಾಜ್ ಮುಗಿಸಿ ನೇರ ಬಂದಿದ್ದ. ಚಪ್ಪಲಿ ಹೊರಗೆ ಬಿಟ್ಟು, ಎಲೆ ಹಾಕಿದ್ದನ್ನು ನೋಡಿ ಹಿಂದೆ ಸರಿದ. "ಊಟ ಮಾಡಿ ದೀದಿ, ನಾನು ಕೆಳಗೆ ಕಾಯುತ್ತೇನೆ" ಅಂದ ಹಿಂದಿಯಲ್ಲಿ. ಕೆಳಗೆ ಅಂದರೆ ರಸ್ತೆ. ಇಲ್ಲಿ ಜುಲೈ, ಆಗಸ್ಟ್ ಎರಡು ತಿಂಗಳು ಮಧ್ಯಾಹ್ನ 12ರಿಂದ 4ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಕಾನೂನು ಇತ್ತು. ಸೆಪ್ಟೆಂಬರ್ ಬಂತು, ಅದು ಮುಗಿಯಿತು. ಬಿಸಿಲು ಮುಗಿದಿರಲಿಲ್ಲ. ನನ್ನ ಗಂಡ ಅವನನ್ನು ಟೆರೇಸಿಗೆ ಕರೆದುಕೊಂಡು ಹೋದರು. ಕೆಪಾಸಿಟರ್ ಸುಟ್ಟಿತ್ತು. ಅರ್ಧ ಗಂಟೆಯಲ್ಲಿ ಸರಿ ಮಾಡಿದ. ಕೆಳಗೆ ಬಂದಾಗ ಅಂಗಿಯಿಂದ ಬೆವರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ನೀರು ಕೊಟ್ಟೆ. ಕುಡಿಯುತ್ತಾ ಪೀಠದ ಕಡೆ ನೋಡಿದ. ಲೋಟ ಕೆಳಗಿಟ್ಟ. "ಧಾನ್!" ಅಂದ, ಭತ್ತ ಅಂತ. ಹತ್ತಿರ ಹೋಗಿ, ಕೈ ಪ್ಯಾಂಟಿಗೆ ಒರೆಸಿಕೊಂಡು, "ಮುಟ್ಟಬಹುದಾ?" ಅಂತ ಕೇಳಿದ. ಕಾಳನ್ನು ಉಗುರಿನಿಂದ ಒತ್ತಿ ನೋಡಿದ, ಗದ್ದೆಯವರು ನೋಡುವ ಹಾಗೆ. ಅವನ ಊರು ಕುಮಿಲ್ಲಾ ಕಡೆ. ಅಪ್ಪನಿಗೆ ಗದ್ದೆ ಇದೆ. ಅವರಲ್ಲೂ ಹೊಸ ಅಕ್ಕಿ ಬಂದಾಗ ಹಬ್ಬ. ಅಗ್ರಹಾಯಣ ತಿಂಗಳಲ್ಲಿ, ಖರ್ಜೂರದ ಬೆಲ್ಲ ಹಾಕಿ ಪಾಯಸ, ಪಿಠಾ ಅನ್ನುವ ಅಕ್ಕಿಯ ತಿಂಡಿ. ಆ ಹಬ್ಬಕ್ಕೆ ನಬಾನ್ನ ಅಂತ ಹೆಸರು. ನಾನು ನಮ್ಮದಕ್ಕೆ ನೊವೆಂ ಅನ್ನುತ್ತೇವೆ ಅಂದೆ. "ನೊವೆಂ, ನಬಾನ್ನ," ಅವನು ಎರಡು ಸಲ ಹೇಳಿಕೊಂಡ. ಊರಿಗೆ ಹೋಗಿ ನಾಲ್ಕು ವರ್ಷ ಆಯಿತಂತೆ.

ಆಶೀರ್ವಾದ ಆದ ತೆನೆ ಅಂದರೆ ನಮಗೆ ಪವಿತ್ರ. ಮನೆಯವರು ಪ್ರಾರ್ಥನೆ ಮಾಡಿ ತಿನ್ನುವುದು. ಹೊರಗಿನವರಿಗೆ ಕೊಡಬಹುದಾ, ಬೇರೆ ಧರ್ಮದವನಿಗೆ ಕಸಿವಿಸಿ ಆಗುತ್ತದಾ ಅಂತ ಒಂದು ಕ್ಷಣ ತಡೆದೆ. ನಿಜ ಹೇಳಬೇಕೆಂದರೆ ಒಂದು ಕ್ಷಣಕ್ಕಿಂತ ಜಾಸ್ತಿಯೇ. ಬೆಳಿಗ್ಗೆ ಕೇಳಿದ ಹೆಸರು ಕಿವಿಯಲ್ಲಿತ್ತು. ಅದೇ ವಾರ ಮನಾಮದ ಬೀದಿಗಳಲ್ಲಿ ಶಿಯಾ ಮುಸ್ಲಿಮರ ಅರ್ಬಯೀನ್ ಎಂಬ ಶೋಕಾಚರಣೆ ಆಗಿತ್ತು. ಹೋಗುವವರಿಗೆ ಬರುವವರಿಗೆಲ್ಲ, ಯಾರು ಎತ್ತ ಅಂತ ಕೇಳದೆ ಊಟ ಕೊಡುತ್ತಾರೆ. ನಮಗೂ ಕೊಟ್ಟಿದ್ದರು, ನಾವು ತಿಂದಿದ್ದೆವು.

"ನಮ್ಮ ಜೊತೆ ಕೂರುತ್ತೀರಾ ಭಾಯ್? ಇವತ್ತು ಮಾಂಸ ಏನೂ ಇಲ್ಲ" ಅಂದೆ. ಅವನು ಬಟ್ಟೆ ನೋಡಿಕೊಂಡ. ನನ್ನ ಗಂಡ ಕೈ ತೊಳೆಯುವ ಜಾಗ ತೋರಿಸಿದರು. ಮಗಳು ನಾಲ್ಕನೇ ಎಲೆ ಹಾಕಿಬಿಟ್ಟಿದ್ದಳು.

ನಾವು ಪ್ರಾರ್ಥಿಸುವಾಗ ಅವನು ತಲೆ ತಗ್ಗಿಸಿ ಕೂತಿದ್ದ. ಗಂಡ ನೊವೆಂ ಕೊಟ್ಟರು, ಮೊದಲು ಅವನಿಗೆ. ಬಿಸ್ಮಿಲ್ಲಾ ಅಂದು ಕುಡಿದ. ಊಟ ಮಾಡುವಾಗ ಜಾಸ್ತಿ ಮಾತಾಡಲಿಲ್ಲ. ಎಸಿ ತಣ್ಣಗೆ ಓಡುತ್ತಿತ್ತು. ಪಾಯಸ ಬಡಿಸಿದಾಗ ಸ್ವಲ್ಪ ತಿಂದು ನಿಲ್ಲಿಸಿದ. ಸೇರಲಿಲ್ಲವೇನೋ ಅಂದುಕೊಂಡೆ. ಅವನು ಸಂಕೋಚದಿಂದ ಕೇಳಿದ, "ರೂಮಿನಲ್ಲಿ ನನ್ನ ಊರಿನವನೊಬ್ಬನಿಗೆ ಜ್ವರ. ಇದನ್ನು ಅವನಿಗೆ ಒಯ್ಯಬಹುದಾ?"

ರೂತಳೂ ಹಾಗೇ ಮಾಡಿದ್ದಳು. ಬೋವಜ ಕೊಟ್ಟದ್ದರಲ್ಲಿ ಉಳಿಸಿ ಅತ್ತೆ ನವೊಮಿಗೆ ಒಯ್ದಳು. ಅಡುಗೆಮನೆಗೆ ಹೋಗಿ ಡಬ್ಬಿ ಹುಡುಕುವಾಗ ನನಗೆ ಅಳು ಬಂತು. ಇದ್ದ ಪಾಯಸವನ್ನೆಲ್ಲ ತುಂಬಿಸಿದೆ. ಎರಡು ಪದಾರ್ಥ, ಅನ್ನ. ಹೋಗುವಾಗ ಮಗಳು ಪೀಠದಿಂದ ಒಂದು ತೆನೆ ತೆಗೆದು ಅವನ ಕೈಗೆ ಕೊಟ್ಟಳು. ನಾವು ಯಾರೂ ಹೇಳಿರಲಿಲ್ಲ. ಅವನು ಅದನ್ನು ಟೂಲ್ ಬ್ಯಾಗಿನಲ್ಲಿ ಹಾಕಲಿಲ್ಲ, ಅಂಗಿಯ ಜೇಬಿನಲ್ಲಿ ಪೆನ್ನಿನ ಹಾಗೆ ಸಿಕ್ಕಿಸಿಕೊಂಡ.

ಇಲ್ಲಿ ಸಂಜೆ ಐದು ಅಂದರೆ ಊರಲ್ಲಿ ಏಳೂವರೆ, ಅಮ್ಮ ಜಪಸರಕ್ಕೆ ಕೂರುವ ಹೊತ್ತು. ಎಷ್ಟೋ ವರ್ಷದಿಂದ ಫೋನಿನಲ್ಲೇ ಜೊತೆಗೂಡುತ್ತೇನೆ. ಬಸ್ಸಿನಲ್ಲಿದ್ದರೂ, ಕೆಲಸದ ಕಡೆ ಮೆಟ್ಟಿಲ ಮೇಲೆ ನಿಂತಿದ್ದರೂ. ಸಂಬಳ ಇಲ್ಲದ ಆ ತಿಂಗಳುಗಳಲ್ಲಿ ನಾನು ಕುಸಿಯದೆ ಇದ್ದದ್ದು ಈ ಇಪ್ಪತ್ತು ನಿಮಿಷದಿಂದ. ಅವತ್ತು ಜಪಸರ ಮುಗಿದ ಮೇಲೆ ಅಮ್ಮನಿಗೆ ಎಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ. "ಎರಡನೇ ಸಲ ಅನ್ನ ಬೇಕಾ ಅಂತ ಕೇಳಿದ್ಯಾ? ಕೆಲಸಕ್ಕೆ ಬಂದವರು ತಾವಾಗಿ ಕೇಳುವುದಿಲ್ಲ." ಕೇಳಿದ್ದೆ ಅಮ್ಮ, ಎರಡು ಸಲ ಹಾಕಿಸಿಕೊಂಡ ಅಂದೆ.

2024ರಲ್ಲಿ ಹಬ್ಬ ಭಾನುವಾರ. ಇಲ್ಲಿ ಭಾನುವಾರ ಕೆಲಸದ ದಿನ. ಊಟ ರಾತ್ರಿಗಾಯಿತು. ಹಬ್ಬ ಕಳೆದು ಹತ್ತು ದಿನಕ್ಕೆ ಊರಿಂದ ಬಂದವರೊಬ್ಬರ ಕೈಯಲ್ಲಿ ಅಮ್ಮನ ಲಕೋಟೆ ಸಿಕ್ಕಿತು. ಈ ಸಲ ಎರಡು ಪೊಟ್ಟಣ. ಒಂದರ ಮೇಲೆ ನಮ್ಮ ಹೆಸರು. ಇನ್ನೊಂದರ ಮೇಲೆ ಅಮ್ಮನ ಓರೆ ಅಕ್ಷರದಲ್ಲಿ, "ಗದ್ದೆಯ ಹುಡುಗನಿಗೆ."

ಅವನ ನಂಬರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಮರುದಿನವೂ ಹಾಗೇ. ಊರಿಗೆ ಹೋಗಿರಬೇಕು, ಗದ್ದೆ ನೋಡಿರಬೇಕು ಅಂತ ಪ್ರಾರ್ಥನೆಯಲ್ಲಿ ಅವನ ಹೆಸರು ಸೇರಿಸಿದೆವು. ಶುಕ್ರವಾರ ಎರಡನೇ ಪೊಟ್ಟಣ ಬಿಚ್ಚಿ ಪಾಯಸ ಮಾಡಿದೆ. ಡಬ್ಬಿ ಹಿಡಿದು ಮಗಳೂ ನಾನೂ ಕೆಳಗಿಳಿದೆವು. ನಮ್ಮ ಬಿಲ್ಡಿಂಗ್‌ನ ಕಾವಲುಗಾರ ಹೊಸಬ, ಬಂದು ಒಂದು ತಿಂಗಳಾಗಿತ್ತು. ಯಾವ ಊರಿನವನು ಅಂತ ನಾವಿನ್ನೂ ಕೇಳಿರಲಿಲ್ಲ.