ಊಟಿ ಘಾಟಿ ಇಳಿಯುವ ಮೊದಲು ಚಕ್ರ ಬಿಚ್ಚಿಸಿ ನೋಡಿ

ಊಟಿಯಿಂದ ಗೂಡಲೂರಿಗೆ ಬರುವ ದಾರಿಯಲ್ಲಿ ನಡುವಟ್ಟಂ ಎಂಬ ಊರು ದಾಟಿ ಮೂರ್ನಾಲ್ಕು ತಿರುವು ಇಳಿದಿದ್ದೆವು, ಕಾರಿನೊಳಗೆ ಸುಟ್ಟ ಕಮಟು ವಾಸನೆ ಬಂತು. ಮುಂದಿದ್ದ ಲಾರಿಯದ್ದಿರಬೇಕು ಅಂದುಕೊಂಡೆ. ಮುಂದಿನ ಹೇರ್‌ಪಿನ್ ತಿರುವಿಗೆ ಬ್ರೇಕ್ ಒತ್ತಿದರೆ ಪೆಡಲ್ ಮೆತ್ತಗೆ ಅರ್ಧಕ್ಕಿಂತ ಕೆಳಗೆ ಇಳಿದುಹೋಯಿತು, ಕಾರಿನ ವೇಗ ಮಾತ್ರ ಇಳಿಯಲಿಲ್ಲ. ಪೆಡಲನ್ನು ಬೇಗಬೇಗ ಒತ್ತಿ ಬಿಡುತ್ತ, ಥರ್ಡ್‌ನಿಂದ ಸೆಕೆಂಡ್, ಆಮೇಲೆ ಫಸ್ಟ್ ಗೇರಿಗೆ ತಂದು, ಹ್ಯಾಂಡ್ ಬ್ರೇಕನ್ನು ಸ್ವಲ್ಪಸ್ವಲ್ಪವೇ ಎಳೆದು, ಗುಡ್ಡದ ಕಡೆ ಸಿಕ್ಕ ಅಗಲ ಜಾಗದಲ್ಲಿ ಹೇಗೋ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಅತ್ತೆ, ಇಬ್ಬರು ಮಕ್ಕಳು. ಎಡಗಡೆ ಮುಂದಿನ ಚಕ್ರದಿಂದ ತೆಳ್ಳಗೆ ಹೊಗೆ ಏಳುತ್ತಿತ್ತು.

ಮಗ ನೀರಿನ ಬಾಟಲಿ ಹಿಡಿದು ಓಡಿಬಂದ. ಅಷ್ಟರಲ್ಲಿ ಟೀ ತೋಟದ ಜೀಪೊಂದು ನಮ್ಮನ್ನು ನೋಡಿ ನಿಂತಿತು. ಓಡಿಸುತ್ತಿದ್ದವರು ನೀಲಗಿರಿಯ ಬಡಗ ಸಮುದಾಯದವರು, ಅವರ ಮಾತು ನಮ್ಮ ಕಿವಿಗೆ ಹಳೆಗನ್ನಡದ ಹಾಗೆ ಕೇಳಿದರೂ ಬಹುಪಾಲು ಅರ್ಥವಾಗುತ್ತದೆ. ನೀರು ಹಾಕಬೇಡಿ ಎಂದು ಕೈ ಅಡ್ಡ ಹಿಡಿದರು. ಕೆಂಡದಂತೆ ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಚಕ್ರಕ್ಕೆ ಕಲ್ಲು ಕೊಟ್ಟು, ರಿವರ್ಸ್ ಗೇರಿನಲ್ಲಿ ಬಿಟ್ಟು, ಒಂದು ಗಂಟೆ ಕಾದೆವು. ಪೆಡಲ್ ಮತ್ತೆ ಗಟ್ಟಿಯಾಯಿತು. ಆದರೂ ಮನೆಯವರನ್ನೆಲ್ಲ ಆ ಜೀಪಿನಲ್ಲಿ ಕೂರಿಸಿ, ನಾನೊಬ್ಬನೇ ಫಸ್ಟ್ ಗೇರಿನಲ್ಲಿ ಗೂಡಲೂರಿನ ತನಕ ಅವರ ಹಿಂದೆ ಇಳಿದೆ. ಆ ಮನುಷ್ಯ ಒಂದು ಲೋಟ ಟೀಯನ್ನೂ ನಮ್ಮಿಂದ ಕುಡಿಯಲಿಲ್ಲ.

ಗೂಡಲೂರಿನ ಮೆಕ್ಯಾನಿಕ್ ಚಕ್ರ ಬಿಚ್ಚಿದಾಗ ವಿಷಯ ತಿಳಿಯಿತು. ಡಿಸ್ಕ್ ನೀಲಿಗಟ್ಟಿತ್ತು. ಹೊರಗಡೆಯ ಬ್ರೇಕ್ ಪ್ಯಾಡ್ ಇನ್ನೂ ಅರ್ಧ ಉಳಿದಿತ್ತು. ಒಳಗಡೆಯದು ಎರಡು ಮಿಲಿಮೀಟರೂ ಇರಲಿಲ್ಲ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ನಿನ ರಬ್ಬರ್ ಹರಿದು, ಗ್ರೀಸ್ ಒಣಗಿ, ಪಿನ್ ಹಿಡಿದುಕೊಂಡಿತ್ತು. ಹಾಗಾದಾಗ ಕಾಲು ತೆಗೆದರೂ ಪ್ಯಾಡ್ ಡಿಸ್ಕನ್ನು ಪೂರ್ತಿ ಬಿಡುವುದಿಲ್ಲ, ಉಜ್ಜುತ್ತಲೇ ಇರುತ್ತದೆ. ಕಾರು ಓಡಿದ್ದು ಬರೀ 26,000 ಕಿ.ಮೀ. ಹೊರಡುವ ಮುನ್ನ ಮಾಡಿಸಿದ ಸರ್ವೀಸಿನ ಚೀಟಿಯಲ್ಲಿ ಬ್ರೇಕಿನ ಮುಂದೆ ಸರಿ ಎಂಬ ಗುರುತಿತ್ತು. ಚಕ್ರವನ್ನೇ ಬಿಚ್ಚದೆ ಆ ಗುರುತು ಹಾಕಿದ್ದರು. ಈಗಲೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಆದರೆ ಕಾರು ತಿಂಗಳಿಂದ ನನಗೇ ಹೇಳುತ್ತಿತ್ತು. ಬ್ರೇಕ್ ಹಾಕಿದಾಗ ಎಡಕ್ಕೆ ಎಳೆಯುತ್ತಿತ್ತು. ಆ ಒಂದು ಚಕ್ರದ ಮೇಲೆ ಮಾತ್ರ ಕಪ್ಪು ಪುಡಿ ಹೆಚ್ಚು ಕೂರುತ್ತಿತ್ತು. ಮೈಲೇಜೂ ಇಳಿದಿತ್ತು. ಇಂಥದ್ದು ಕಂಡರೆ ದಯವಿಟ್ಟು ತಳ್ಳಿಹಾಕಬೇಡಿ.

ಪೆಡಲ್ ಮೆತ್ತಗಾಗಿದ್ದಕ್ಕೆ ಇನ್ನೊಂದು ಕಾರಣ ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ ಎಂಬುದು ಈ ಆಯಿಲಿನ ದರ್ಜೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇವು 230 ಮತ್ತು 155. ಕುದ್ದರೆ ಪೈಪಿನಲ್ಲಿ ಆವಿ ತುಂಬುತ್ತದೆ, ನಿಮ್ಮ ಕಾಲಿನ ಒತ್ತಡವೆಲ್ಲ ಆ ಆವಿಯನ್ನು ಅಮುಕುವುದರಲ್ಲೇ ಮುಗಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಆಯಿಲನ್ನು ನಾನು ನಾಲ್ಕು ವರ್ಷ ಮುಟ್ಟಿರಲಿಲ್ಲ.

ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ಗೂಡಲೂರು ಸುಮಾರು ಸಾವಿರ. ಜನ, ಸಾಮಾನು ಸೇರಿ 1,400 ಕಿಲೋ ತೂಗುವ ಕಾರನ್ನು ಬರೀ ಬ್ರೇಕಿನಿಂದಲೇ ಅಷ್ಟು ಕೆಳಗೆ ಇಳಿಸಿದರೆ ಹುಟ್ಟುವ ಶಾಖದಲ್ಲಿ 50 ಲೀಟರ್ ತಣ್ಣೀರು ಕುದಿಯುವ ಹಂತಕ್ಕೆ ಬರುತ್ತದೆ. ಬಚ್ಚಲಿನ ಒಂದು ಹಂಡೆ ನೀರು! ಅಷ್ಟನ್ನೂ ಅಂಗೈಯಗಲದ ಪ್ಯಾಡುಗಳು ತಡೆಯಬೇಕು. ಅದಕ್ಕೇ ಘಾಟಿಯಲ್ಲಿ ಕಾರನ್ನು ಹಿಡಿಯುವ ಕೆಲಸ ಎಂಜಿನ್ನಿನದು. ನಡುವಟ್ಟಂ ದಾಟಿದ ಕೂಡಲೇ, ತಿರುವು ಬರುವ ಮೊದಲೇ, ಸೆಕೆಂಡ್ ಗೇರಿಗೆ ಬನ್ನಿ. ಬ್ರೇಕನ್ನು ಗಟ್ಟಿಯಾಗಿ ಒಮ್ಮೆ ಒತ್ತಿ ಪೂರ್ತಿ ಬಿಡಿ, ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ನಾನು ಮಾಡಿದ್ದು ಅದನ್ನೇ, ಥರ್ಡ್ ಗೇರಿನಲ್ಲಿ. ಆಟೋಮ್ಯಾಟಿಕ್ ಕಾರಾದರೆ ಎಲ್ (ಲೋ ಗೇರ್) ಅಥವಾ ಮ್ಯಾನುಯಲ್ ಮೋಡ್ ಇರುತ್ತದೆ, ಅದಕ್ಕೆ ಹಾಕಿ. ಎಲೆಕ್ಟ್ರಿಕ್ ಕಾರಿನವರು ಊಟಿಯಲ್ಲಿ ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಹೊರಡಬೇಡಿ. ತುಂಬಿದ ಬ್ಯಾಟರಿಗೆ ಇಳಿಜಾರಿನ ಶಕ್ತಿ ಹೋಗಲು ಜಾಗವಿರದೆ ರೀಜೆನ್ ಬ್ರೇಕ್ (ಮೋಟಾರೇ ಬ್ಯಾಟರಿ ತುಂಬಿಸುತ್ತ ವೇಗ ಇಳಿಸುವ ವ್ಯವಸ್ಥೆ) ಹಿಡಿಯುವುದು ಕಡಿಮೆಯಾಗುತ್ತದೆ. ನ್ಯೂಟ್ರಲ್ ಅಂತೂ ಬೇಡವೇ ಬೇಡ. ಅದರಿಂದ ಇಂಧನ ಉಳಿಯುವುದೂ ಇಲ್ಲ. ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಈಗಿನ ಎಂಜಿನ್‌ಗಳು ಇಂಧನವನ್ನೇ ನಿಲ್ಲಿಸುತ್ತವೆ. ಎಂಜಿನ್ ಆಫ್ ಮಾಡಿ ಇಳಿದರೆ ಒಂದೆರಡು ಸಲ ಒತ್ತುವುದರೊಳಗೆ, ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬೂಸ್ಟರ್ ಖಾಲಿಯಾಗಿ ಪೆಡಲ್ ಕಲ್ಲಾಗುತ್ತದೆ.

ದಾರಿಯ ವಿಷಯ. ಊಟಿಗೆ ಹೋಗುವಾಗ ಬಂಡೀಪುರ ದಾಟಿ ತೆಪ್ಪಕಾಡಿನಲ್ಲಿ ಎಡಕ್ಕೆ ಹೊರಳಿ ಮಸಿನಗುಡಿ, ಕಲ್ಹಟ್ಟಿಯ 36 ತಿರುವು ಹತ್ತಬಹುದು. ಇಳಿಯಲು ಹೊರಗಿನ ಪ್ರವಾಸಿ ವಾಹನಗಳನ್ನು ಆ ಕಡೆ ಬಿಡುವುದಿಲ್ಲ, ಬ್ರೇಕ್ ಕೈಕೊಟ್ಟು ಆದ ಅಪಘಾತಗಳೇ ಕಾರಣ. ಮ್ಯಾಪ್ ಹತ್ತಿರದ ದಾರಿ ತೋರಿಸಿದರೂ ಗೂಡಲೂರಿನ ಮೇಲೇ ಬನ್ನಿ. ನೀಲಗಿರಿ ಜಿಲ್ಲೆಯೊಳಗೆ ಹೋಗಲು ಬೇಕಾದ ಇ-ಪಾಸ್ ಮನೆಯಲ್ಲೇ ಮಾಡಿಕೊಳ್ಳಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಮುಚ್ಚಿರುತ್ತದೆ. ಸಂಜೆ ಹೊರಟವರು ಗೇಟು ಮುಚ್ಚುವ ಮೊದಲು ತಲುಪುವ ಆತುರದಲ್ಲಿ ಘಾಟಿಯಲ್ಲಿ ಓಡಿಸುತ್ತಾರೆ, ಬ್ರೇಕ್ ಕಾಯುವುದು ಆಗಲೇ. ಮಧ್ಯಾಹ್ನ ಎರಡರೊಳಗೆ ಊಟಿ ಬಿಟ್ಟರೆ ನಡುವೆ ನಿಲ್ಲಲು ಸಮಯವಿರುತ್ತದೆ.

ಹೊರಡುವುದಕ್ಕೆ ಒಂದು ವಾರ ಮೊದಲೇ ನಾಲ್ಕೂ ಚಕ್ರ ಬಿಚ್ಚಿಸಿ, ಪಕ್ಕದಲ್ಲೇ ನಿಂತು, ಒಳಗಡೆಯ ಪ್ಯಾಡನ್ನು ಕಣ್ಣಾರೆ ನೋಡಿ. 3 ಮಿಲಿಮೀಟರಿಗೆ ಬಂದಿದ್ದರೆ ಬದಲಿಸಿ. ಹಿಂದೆ ಡ್ರಮ್ ಇದ್ದರೆ ಅದನ್ನೂ ತೆಗೆಸಿ, ಶೂ ಎಷ್ಟು ಸವೆದಿದೆ ಎಂದು ಹೊರಗಿನಿಂದ ಕಾಣುವುದಿಲ್ಲ.

ಗೂಡಲೂರಿಗೆ ಇಳಿದ ಮೇಲೆ ಟೀಗೆ ನಿಂತಾಗ ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ತನ್ನ ಜೋಡಿಗಿಂತ ತೀರ ಹೆಚ್ಚು ಕಾದಿದ್ದರೆ ಮೆಕ್ಯಾನಿಕ್ ಹತ್ತಿರ ಅಲ್ಲೇ ಹೋಗಿ. ತೊರಪಳ್ಳಿ ಚೆಕ್‌ಪೋಸ್ಟ್ ದಾಟಿದರೆ ಕಾಡು ಶುರು, ಅಲ್ಲಿ ಕಾರಿನಿಂದ ಇಳಿಯುವಂತಿಲ್ಲ.